ಪ್ರಾರ್ಥನೆ ಹಾಡುವ ಹುಡುಗಿ ಕಾಲೇಜಿಗೆ ಅರ್ಜಿ ಹಾಕಿದಾಗ

(ಸಂಘದ ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈಗಷ್ಟೇ ಒಬ್ಬ ಹುಡುಗಿ ಪ್ರಾರ್ಥನೆ ಹಾಡಿ ಕೆಳಗಿಳಿದಳು. ಎಷ್ಟು ಚೆಂದ ಹಾಡಿದಳು! ನಾವೆಲ್ಲ ಚಪ್ಪಾಳೆ ತಟ್ಟಿದೆವು, ಒಂದು ಗುಲಾಬಿ ಕೊಟ್ಟೆವು. ಮುಂಬಯಿಯಲ್ಲಿ ಯಾವ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೂ ಇಂಥ ಒಬ್ಬ ಹುಡುಗಿ ಇದ್ದೇ ಇರುತ್ತಾಳೆ. ಗಣೇಶೋತ್ಸವಕ್ಕೆ ಅವಳೇ, ರಾಜ್ಯೋತ್ಸವಕ್ಕೆ ಅವಳೇ, ಅರಿಶಿನ ಕುಂಕುಮಕ್ಕೂ ಅವಳೇ. ಹನ್ನೆರಡನೆಯ ತರಗತಿಯವರೆಗೆ ನಮಗೆಲ್ಲ ಅವಳ ಮೇಲೆ ಬಹಳ ಹೆಮ್ಮೆ. ಹನ್ನೆರಡು ಮುಗಿದ ಮೇಲೆ ಅವಳು, ನಾನು ಸಂಗೀತದಲ್ಲೇ ಪದವಿ ಮಾಡುತ್ತೇನೆ ಅಂದರೆ ಸಾಕು, ಅದೇ ನಾವು ಗಾಬರಿಯಾಗುತ್ತೇವೆ.

ನಮ್ಮ ಮನೆಯಲ್ಲೂ ಅದೇ ಆಯಿತು. ನನ್ನ ಅಕ್ಕನ ಮಗಳ ಕಥೆ ಇದು. ಹೆಸರು ಹೇಳಬೇಡ ಮೌಶಿ ಅಂದಿದ್ದಾಳೆ, ಅದಕ್ಕೇ ‘ನಮ್ಮ ಹುಡುಗಿ’ ಅಂತಲೇ ಕರೆಯುತ್ತೇನೆ. ಮನೆ ಡೊಂಬಿವಲಿಯಲ್ಲಿ. ನಮ್ಮ ಮೂಲ ಹುಬ್ಬಳ್ಳಿ ಕಡೆ. ಸೈನ್ಸ್ ತೆಗೆದುಕೊಂಡಿದ್ದಳು, ಅಂಕಗಳೂ ಚೆನ್ನಾಗಿಯೇ ಬಂದವು. ಅಕ್ಕ ಒಂದು ರಾತ್ರಿ ಫೋನ್ ಮಾಡಿ, “ನೀ ಎಂ.ಟೆಕ್ ಮಾಡಿದಾಕಿ, ನಿನ್ನ ಮಾತಂದ್ರ ಕೇಳ್ತಾಳ. ನೀನರ ತಿಳಿಸಿ ಹೇಳು. ಹಾಡಬ್ಯಾಡ ಅಂತ ಯಾರು ಅಂದಾರ? ಹಾಡಲಿ. ಆದ್ರ ಡಿಗ್ರಿ ಒಂದು ನೆಟ್ಟಗ ಮಾಡ್ಲಿ” ಅಂದಳು. ಹೀಗೆ ಮನಸ್ಸು ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ಭಾನುವಾರ ಹೊರಟೆ.

ಹೋಗುವಾಗ ನನ್ನೊಳಗೆ ಏನಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ. ನಾನೂ ಗಾಂಧರ್ವ ಮಹಾವಿದ್ಯಾಲಯದ ಪರೀಕ್ಷೆಗಳನ್ನು ಮಧ್ಯಮಾ ಪೂರ್ಣದವರೆಗೆ ಕಟ್ಟಿದವಳು. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ವರ್ಷ, ಇದೊಂದು ವರ್ಷ ನಿಲ್ಲಿಸು ಅಂದರು ಅಪ್ಪ. ನಿಲ್ಲಿಸಿದೆ. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಅಪ್ಪನ ಮೇಲೆ ಸಿಟ್ಟಿಲ್ಲ, ಕೆಲಸ ಒಳ್ಳೆಯದೇ ಸಿಕ್ಕಿತು. ಆದರೆ ಅಕ್ಕನ ಮಗಳ ಎದುರು ಕೂತು ಅದೇ ಮಾತನ್ನು ಹೇಳಬೇಕಾಗಿ ಬಂದಾಗ ನನಗೆ ಬಾಯಿ ಬರಲಿಲ್ಲ. ಚಹಾ ಕುಡಿದೆ. ಆಮೇಲೆ, ಎಲ್ಲೆಲ್ಲಿ ಅರ್ಜಿ ಹಾಕಬೇಕು ಅಂತ ನೋಡಿದ್ದೀಯಾ ಅಂತ ಕೇಳಿದೆ. ಅಕ್ಕ ಅಡಿಗೆಮನೆಯಿಂದಲೇ ನನ್ನನ್ನು ದುರುಗುಟ್ಟಿ ನೋಡಿದಳು.

ಮುಂಬಯಿಯಲ್ಲಿ ಸಂಗೀತ ಓದಲು ಎಲ್ಲಿ ಹೋಗಬೇಕು? ನನಗೂ ಪೂರ್ತಿ ಗೊತ್ತಿರಲಿಲ್ಲ. ಹುಡುಕಿದಾಗ ಕಂಡದ್ದನ್ನು ಹೇಳುತ್ತೇನೆ. ಮುಂಬಯಿ ವಿಶ್ವವಿದ್ಯಾಲಯದ ಸಂಗೀತ ವಿಭಾಗವಿದೆ. ಅದು ‘ಯೂನಿವರ್ಸಿಟಿ ಮ್ಯೂಸಿಕ್ ಸೆಂಟರ್’ ಎಂದು ಶುರುವಾದಾಗ ಸಂಗೀತ ಶಾಸ್ತ್ರಜ್ಞ ಡಾ. ಅಶೋಕ ರಾನಡೆ ಅದನ್ನು ಕಟ್ಟಿ ಬೆಳೆಸಿದರು. ಚರ್ಚ್‌ಗೇಟ್‌ನಲ್ಲಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಸಂಗೀತ ವಿಭಾಗವಿದೆ. ಮಹರ್ಷಿ ಕರ್ವೆಯವರು 1916ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಸ್ಥಾಪಿಸಿದ ವಿಶ್ವವಿದ್ಯಾಲಯ ಅದು. ಅಲ್ಲಿ 1979ರಿಂದ 1992ರವರೆಗೆ ಸಂಗೀತ ವಿಭಾಗದ ಮುಖ್ಯಸ್ಥೆಯಾಗಿದ್ದವರು ಡಾ. ಪ್ರಭಾ ಅತ್ರೆ. ಅಕ್ಕನ ಎದುರು ನಾನು ಈ ಹೆಸರನ್ನು ಬೇಕೆಂತಲೇ ಎತ್ತಿದೆ. ಯಾಕೆಂದರೆ ಅವರು ವಿಜ್ಞಾನದಲ್ಲಿ ಪದವಿ ಪಡೆದವರು, ಕಾನೂನಿನಲ್ಲೂ ಪದವಿ ಪಡೆದವರು. ನಮ್ಮ ಗಂಗೂಬಾಯಿ ಹಾನಗಲ್ಲರ, ಭೀಮಸೇನ ಜೋಶಿಯವರ ಕಿರಾಣಾ ಘರಾಣೆಯದೇ ಗಾಯಕಿ. ಸೈನ್ಸ್ ಓದಿ ಹಾಡಿದರೆ ವ್ಯರ್ಥವಾಗಲಿಲ್ಲವಲ್ಲ ಅಂದೆ. ಅಕ್ಕ ಏನೂ ಮಾತಾಡಲಿಲ್ಲ, ಒಗ್ಗರಣೆ ಮಾತ್ರ ಸ್ವಲ್ಪ ಜೋರಾಗಿ ಸಿಡಿಯಿತು.

ಇನ್ನು ಪ್ರಭಾದೇವಿಯ ಪು.ಲ. ದೇಶಪಾಂಡೆ ಕಲಾ ಅಕಾಡೆಮಿಯಲ್ಲಿ 2022ರಲ್ಲಿ ಲತಾ ಮಂಗೇಶ್ಕರ್ ಹೆಸರಿನ ಸರಕಾರಿ ಸಂಗೀತ ಕಾಲೇಜು ಶುರುವಾಗಿದೆ, ಅಲ್ಲಿ ಆರಂಭಿಸಿದ್ದು ಸರ್ಟಿಫಿಕೇಟ್ ಕೋರ್ಸುಗಳನ್ನು. ಪಂ. ವಿಷ್ಣು ದಿಗಂಬರ ಪಲುಸ್ಕರ್ ಅವರು 1901ರಲ್ಲಿ ಲಾಹೋರಿನಲ್ಲಿ ಸ್ಥಾಪಿಸಿ 1908ರಲ್ಲಿ ಮುಂಬಯಿಗೂ ತಂದ ಗಾಂಧರ್ವ ಮಹಾವಿದ್ಯಾಲಯದ ಪರಂಪರೆ ನಿಮಗೆಲ್ಲ ಗೊತ್ತೇ ಇದೆ. ಪ್ರಾರಂಭಿಕದಿಂದ ವಿಶಾರದ, ಅಲಂಕಾರದವರೆಗಿನ ಆ ಪರೀಕ್ಷೆಗಳನ್ನು ನಮ್ಮ ಮಕ್ಕಳು ಬರೆಯುತ್ತಲೇ ಇರುತ್ತಾರೆ. ಎಸ್‌ಎಸ್‌ಸಿಯಲ್ಲಿ ಹೆಚ್ಚುವರಿ ಅಂಕ ಸಿಗುತ್ತದೆ ಅನ್ನುವುದೂ ಒಂದು ಕಾರಣ, ಸುಳ್ಳು ಯಾಕೆ ಹೇಳಬೇಕು. ಆದರೆ ಒಂದು ನೆನಪಿಡಿ. ಈ ಪ್ರಮಾಣಪತ್ರಗಳ ಫೈಲ್ ಎಷ್ಟೇ ದಪ್ಪವಿದ್ದರೂ ಆಡಿಷನ್ ತಪ್ಪುವುದಿಲ್ಲ. ಎದುರಿಗೆ ಕೂತು ಹಾಡಲೇಬೇಕು.

ಅರ್ಜಿ ತುಂಬುವ ವಿಷಯದಲ್ಲಿ ನಮ್ಮವರಿಗೆ ಒಂದು ವಿಶೇಷ ತೊಂದರೆ ಇದೆ. ಅದು ಹೆಸರಿನದು. ಮಹಾರಾಷ್ಟ್ರದಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಮಗುವಿನ ಹೆಸರು, ಆಮೇಲೆ ಅಪ್ಪನ ಹೆಸರು. ನಮ್ಮಲ್ಲಿ ಕೆಲವರಿಗೆ ಅಡ್ಡಹೆಸರೇ ಇಲ್ಲ, ಇನಿಷಿಯಲ್ ಇದೆ. ಕೆಲವರಿಗೆ ಊರ ಹೆಸರೇ ಅಡ್ಡಹೆಸರು. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಗಾಂಧರ್ವದ ಸರ್ಟಿಫಿಕೇಟಿನಲ್ಲಿ ಮೂರನೆಯದು. ನಮ್ಮ ಹುಡುಗಿ ಮೂರು ಕಾಗದಗಳಲ್ಲಿ ಮೂರು ಹುಡುಗಿಯರಾಗಿದ್ದಳು! ನಾನು ದಿನವಿಡೀ ಡೇಟಾಬೇಸ್‌ಗಳಲ್ಲಿ ಇಂಥದ್ದನ್ನೇ ಸರಿಮಾಡುವವಳು, ಆದರೂ ಅಫಿಡವಿಟ್ ಮಾಡಿಸುವಷ್ಟರಲ್ಲಿ ಎರಡು ದಿನ ರಜೆ ಹೋಯಿತು. ಹನ್ನೊಂದನೆಯ ತರಗತಿಯಲ್ಲಿರುವಾಗಲೇ ಇದನ್ನು ನೋಡಿಕೊಳ್ಳಿ. ಲೀವಿಂಗ್ ಸರ್ಟಿಫಿಕೇಟ್, ಡೊಮಿಸೈಲ್, ಬೇರೆ ಬೋರ್ಡಿನವರಾದರೆ ಮೈಗ್ರೇಷನ್, ಇವೂ ಹಾಗೆಯೇ. ವಿಶ್ವವಿದ್ಯಾಲಯದ ಆನ್‌ಲೈನ್ ಪೂರ್ವನೋಂದಣಿ ಬೇರೆ, ವಿಭಾಗದ ಅರ್ಜಿ ಬೇರೆ. ಒಂದನ್ನು ತುಂಬಿ ಎಲ್ಲ ಆಯಿತು ಅಂತ ಕೂರಬೇಡಿ.

ಈಗ ಆಡಿಷನ್ನಿಗೆ ಬರುತ್ತೇನೆ. ನಾವು ಎರಡು ಕಡೆ ಹೋದೆವು. ಎರಡರ ಹೆಸರನ್ನೂ ಹೇಳುವುದಿಲ್ಲ.

ಮೊದಲನೆಯದಕ್ಕೆ ತಯಾರಿ ಭರ್ಜರಿಯಾಗಿತ್ತು. ಯಮನ್ ರಾಗ, ವಿಲಂಬಿತ ಏಕತಾಲ, ಆಮೇಲೆ ಧ್ರುತ್ ತೀನ್‌ತಾಲ. ಗುರುಗಳು ಬರೆಸಿಕೊಟ್ಟ ಆಲಾಪ, ಎಣಿಸಿ ಇಟ್ಟ ಹದಿನಾಲ್ಕು ತಾನುಗಳು. ನಾನು ಮೊಬೈಲಿನಲ್ಲಿ ಟೈಮರ್ ಹಾಕಿ, ಹನ್ನೆರಡು ನಿಮಿಷಕ್ಕೆ ಸರಿಯಾಗಿ ಮುಗಿಯುವ ಹಾಗೆ ಮಾಡಿಸಿದ್ದೆ. ಪ್ರಾಜೆಕ್ಟ್ ಡೆಮೊ ತಯಾರಿ ಹೇಗೋ ಹಾಗೆ. ಜೂನ್ ತಿಂಗಳು, ಧಾರಾಕಾರ ಮಳೆ. ಲೋಕಲ್ಲಿನಲ್ಲಿ ನಿಂತು, ಒದ್ದೆಯಾಗಿ, ಎಸಿ ಕೋಣೆಯಲ್ಲಿ ಒಂದೂವರೆ ಗಂಟೆ ಕಾದು, ಆಮೇಲೆ ಒಳಗೆ ಕರೆದರು. ಪಾಲಕರು ಹೊರಗೆ. ಆದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ನಾನೇನು ಕಿವಿ ಮುಚ್ಚಿಕೊಳ್ಳಲಿಲ್ಲ.

ಎರಡು ನಿಮಿಷ ಹಾಡಿದಳು. ಸಾಕು ಅಂದರು. ನನ್ನ ಎದೆ ಧಸಕ್ ಅಂದಿತು. ಆಮೇಲೆ ಪರೀಕ್ಷಕರೊಬ್ಬರು ಕೇಳಿದರು: ಇದೇ ಯಮನ್, ಬಂದಿಶ್ ಬೇಡ, ತಾನು ಬೇಡ, ಮಂದ್ರದಲ್ಲಿ ಮಾತ್ರ ಸ್ವಲ್ಪ ಆಲಾಪ ಮಾಡು. ಹುಡುಗಿ ಬರೆಸಿಕೊಟ್ಟ ಆಲಾಪದ ಮೊದಲ ಎರಡು ಸಾಲು ಹಾಡಿದಳು. ಮುಂದೆ? ಮುಂದಿನ ಸಾಲು ಮಧ್ಯ ಸಪ್ತಕಕ್ಕೆ ಹೋಗುತ್ತಿತ್ತು. ಅಲ್ಲಿಗೆ ನಿಂತಿತು. ಇನ್ನೊಬ್ಬರು, ಭೂಪ್‌ಗೂ ದೇಶಕಾರ್‌ಗೂ ಏನು ವ್ಯತ್ಯಾಸ ಅಂತ ಕೇಳಿದರು. ಇದು ಅವಳಿಗೆ ಬಾಯಿಪಾಠ. ಎರಡಕ್ಕೂ ಅದೇ ಐದು ಸ್ವರಗಳು, ಸ ರಿ ಗ ಪ ಧ. ಒಂದು ಕಲ್ಯಾಣ ಥಾಟ್, ಇನ್ನೊಂದು ಬಿಲಾವಲ್. ಒಂದರ ವಾದಿ ಗಾಂಧಾರ, ಇನ್ನೊಂದರದ್ದು ಧೈವತ. ಒಂದು ರಾತ್ರಿಯದು, ಒಂದು ಬೆಳಗಿನದು. ಪಟಪಟ ಹೇಳಿದಳು. ಚೆನ್ನಾಗಿ ಹೇಳಿದೆ, ಈಗ ಹಾಡಿ ತೋರಿಸು ಅಂದರು. ಹಾಡಿದಳು. ಎರಡೂ ಭೂಪ್ ಆಗಿಯೇ ಕೇಳಿಸಿತು, ನನಗೂ.

ವಾಪಸ್ಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಳು. ಠಾಣೆ ದಾಟುವವರೆಗೂ ಮಾತಿಲ್ಲ. ಆಮೇಲೆ, “ಮೌಶಿ, ನನಗೆ ಹಾಡೋದು ಬರ್ತದೋ ಇಲ್ಲೋ?” ಅಂದಳು. ಹತ್ತು ವರ್ಷ ಪ್ರಾರ್ಥನೆ ಹಾಡಿ, ನಮ್ಮೆಲ್ಲರಿಂದ ಗುಲಾಬಿ ತೆಗೆದುಕೊಂಡ ಹುಡುಗಿ ಕೇಳಿದ ಪ್ರಶ್ನೆ ಅದು. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಎಂ.ಟೆಕ್ ವೈವಾ ನೆನಪಾಯಿತು. ಪ್ರೋಗ್ರಾಂ ಸರಿಯಾಗಿ ಓಡುತ್ತಿತ್ತು, ಗೈಡ್ ಅದನ್ನು ನೋಡಲೇ ಇಲ್ಲ. ಒಂದು ಸಾಲು ಅಳಿಸಿ, ಈಗ ಏನಾಗುತ್ತದೆ ಹೇಳು ಅಂದಿದ್ದರು. ಈ ಕೋಣೆಯಲ್ಲೂ ನಡೆದದ್ದು ಅದೇ. ಅವರಿಗೆ ಕಾರ್ಯಕ್ರಮ ಬೇಕಾಗಿರಲಿಲ್ಲ. ಈ ಹುಡುಗಿಗೆ ಮೂರು ವರ್ಷ ಕಲಿಸಿದರೆ ಹತ್ತುತ್ತದೆಯೇ ಅಂತ ನೋಡಬೇಕಾಗಿತ್ತು. ನಾನು ಟೈಮರ್ ಹಾಕಿ ತಯಾರು ಮಾಡಿದ್ದು ಹನ್ನೆರಡು ನಿಮಿಷದ ಕ್ಯಾಸೆಟ್ಟನ್ನು.

ಇಲ್ಲಿ ನಮ್ಮ ನಾಡಿನವರೇ ಆದ ಕುಮಾರ ಗಂಧರ್ವರ ಬಾಲ್ಯ ನೆನಪಾಗುತ್ತದೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಮಕಾಳಿ. ದೊಡ್ಡ ದೊಡ್ಡ ಗಾಯಕರ ಗ್ರಾಮಫೋನ್ ರೆಕಾರ್ಡುಗಳನ್ನು ಕೇಳಿ ಥೇಟ್ ಹಾಗೆಯೇ ಹಾಡುತ್ತಿದ್ದ ಬಾಲಕ, ಊರೂರು ತಿರುಗಿ ಕಛೇರಿ ಮಾಡುತ್ತಿದ್ದ. ಅಷ್ಟು ಹೆಸರು ಬಂದ ಮೇಲೂ ಅವರ ತಂದೆ, 1930ರ ದಶಕದ ನಡುವೆ, ಮಗನನ್ನು ಇದೇ ಮುಂಬಯಿಗೆ ಕರೆತಂದು ಗಿರ್‌ಗಾಂವ್ ಕಡೆಯ ಆಪೆರಾ ಹೌಸ್ ಬಳಿ ಸಂಗೀತ ಶಾಲೆ ನಡೆಸುತ್ತಿದ್ದ ಪ್ರೊ. ಬಿ.ಆರ್. ದೇವಧರ್ ಅವರ ಕೈಗೆ ಒಪ್ಪಿಸಿದರು. ಅಲ್ಲಿ ಹುಡುಗ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ರೆಕಾರ್ಡಿನ ಹಾಗೆ ಹಾಡಿದರೆ ಜನ ಬೆರಗಾಗುತ್ತಾರೆ, ಆದರೆ ಆ ರಾಗ ಇನ್ನೂ ನಮ್ಮದಾಗಿರುವುದಿಲ್ಲ. ಇದನ್ನು ಮಲಗುವ ಮುಂಚೆ ಹುಡುಗಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದೆ. ಒಂದು ಹೆಬ್ಬೆರಳು ಕಳಿಸಿದಳು. ಈ ಕಾಲದ ಮಕ್ಕಳ ಉತ್ತರ ಅಷ್ಟೇ.

ಎರಡನೆಯ ಆಡಿಷನ್ನಿಗೆ ಮೂರು ವಾರ ಇತ್ತು. ಅವಳ ಗುರುಗಳು ನೋವು ಮಾಡಿಕೊಳ್ಳದೆ, ಒಳ್ಳೆಯದೇ ಆಯಿತು ಅಂದರು. ಬರೆದ ಆಲಾಪದ ವಹಿಯನ್ನು ಕಪಾಟಿನಲ್ಲಿ ಇಡಿಸಿದರು. ಬೆಳಿಗ್ಗೆ ತಾನಪುರಾ ಆ್ಯಪ್ ಹಚ್ಚಿ, ಅವಳ ಶ್ರುತಿ ಕಾಳಿ ನಾಲ್ಕು, ಮೂರೇ ಸ್ವರಗಳಲ್ಲಿ ಇಪ್ಪತ್ತು ನಿಮಿಷ ಹಾಡಬೇಕು. ಮೊದಲ ದಿನ ಐದು ನಿಮಿಷಕ್ಕೇ ಬೇಸರ ಬಂದು ಎದ್ದಳು. ನಾಲ್ಕನೆಯ ದಿನ ಅರ್ಧ ಗಂಟೆ ಆದದ್ದು ಅವಳಿಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ದೇಶಕಾರ್, ರಾತ್ರಿ ಭೂಪ್. ಅದೇ ಐದು ಸ್ವರ. ಧೈವತದ ಮೇಲೆ ನಿಂತರೆ ಹೇಗೆ ಬೆಳಗಾಗುತ್ತದೆ ಅನ್ನುವುದು ನನಗೂ ಆ ಮೂರು ವಾರದಲ್ಲಿ ಕೇಳಿ ತಿಳಿಯಿತು.

ತಾಳದ ವಿಷಯ ಇನ್ನೂ ಚೆಂದ. ಆಡಿಷನ್ನಿನಲ್ಲಿ ಕೈಯಲ್ಲಿ ತಾಳ ಹಾಕಿ ಠೇಕಾ ಹೇಳಿಸುತ್ತಾರೆ, ದುಪ್ಪಟ್ಟು ಲಯದಲ್ಲಿ ಹೇಳಿಸುತ್ತಾರೆ. ತೀನ್‌ತಾಲಕ್ಕೆ ಹದಿನಾರು ಮಾತ್ರೆ, ಏಕತಾಲಕ್ಕೆ ಹನ್ನೆರಡು, ಝಪ್‌ತಾಲಕ್ಕೆ ಹತ್ತು. ತಬಲಾ ಆ್ಯಪ್ ಹಚ್ಚಿ ಹಾಡಿದರೆ ತಾಳ ಆ್ಯಪ್‌ನಲ್ಲಿ ಇರುತ್ತದೆ, ನಮ್ಮೊಳಗೆ ಇರುವುದಿಲ್ಲ. ಗುರುಗಳು ಆ್ಯಪ್ ಬಂದ್ ಮಾಡಿಸಿದರು. ಮನೆಯಲ್ಲಿ ತಾಳ ಹಾಕುವವರು ಯಾರು? ಒಂದು ಸಂಜೆ ನಾನು ಹೋದಾಗ ಅಕ್ಕ ಬೆಂಡೆಕಾಯಿ ಹೆಚ್ಚಿ ಮುಗಿಸಿ, ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಬೆರಳು ಬಡಿಯುತ್ತಾ ಕೂತಿದ್ದಳು. ಒಂಬತ್ತನೆಯ ಮಾತ್ರೆಗೆ ಕೈ ಎತ್ತಿ ಖಾಲಿ ತೋರಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. “ಏನ್ ನೋಡ್ತಿ? ಸಣ್ಣಾಕಿದ್ದಾಗ ಭಜನಿಯೊಳಗ ತಾಳ ನಾನೇ ಹಾಕ್ತಿದ್ದೆ, ಮರ್ತೆಯೇನು?” ಅಂದಳು. ಮರೆತಿದ್ದೆ. ಅವಳೂ ಮರೆತಿದ್ದಳು ಅಂತ ಕಾಣುತ್ತದೆ.

ಹಾಗಂತ ಅಕ್ಕ ಒಪ್ಪಿಬಿಟ್ಟಳು ಅಂತಲ್ಲ. ಮುಂದೆ ಹೊಟ್ಟೆಪಾಡಿಗೆ ಏನು ಅನ್ನುವ ಪ್ರಶ್ನೆ ಇದ್ದೇ ಇತ್ತು. ಭಾವನವರಿಗೆ ನಾನು ಒಂದು ಎಕ್ಸೆಲ್ ಹಾಳೆ ಮಾಡಿ ತೋರಿಸಿದೆ. ಶಾಲೆಗಳಲ್ಲಿ ಸಂಗೀತ ಶಿಕ್ಷಕಿಯ ಕೆಲಸ. ಎಂ.ಎ. ಆದ ಮೇಲೆ ಯುಜಿಸಿ ನೆಟ್, ಅದರಲ್ಲಿ ಸಂಗೀತವೂ ಒಂದು ವಿಷಯ. ಆಕಾಶವಾಣಿಯ ಆಡಿಷನ್, ಬಿ, ಬಿ ಹೈ, ಎ, ಟಾಪ್ ಅಂತ ಶ್ರೇಣಿಗಳು. ಕೇಂದ್ರ ಸಂಸ್ಕೃತಿ ಇಲಾಖೆ 18ರಿಂದ 25 ವಯಸ್ಸಿನ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುವ ವಿದ್ಯಾರ್ಥಿವೇತನ. ಭಾವನವರು ಹಾಳೆಯನ್ನು ಎರಡು ಸಲ ನೋಡಿ, ಎಂಜಿನಿಯರಿಂಗಿನ ಮೊದಲ ಸಂಬಳ ಇದಕ್ಕಿಂತ ಜಾಸ್ತಿ ಅಲ್ಲವೇ ಅಂದರು. ಹೌದು ಅಂದೆ. ಸಂಗೀತ ಪದವಿ ಪಡೆದವರೆಲ್ಲ ವೇದಿಕೆ ಏರುವುದಿಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ. ಹುಡುಗಿಗೂ ಅದು ಗೊತ್ತಿತ್ತು.

ಹಾಗಾದರೆ ಪದವಿ ಯಾಕೆ? ಮನೆಯಲ್ಲೇ ಕಲಿಯಬಾರದೇ? ಇದನ್ನು ನೀವೂ ಕೇಳುತ್ತೀರಿ ಅಂತ ಗೊತ್ತು. ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದಿದ್ದರೆ ಬೈಯಿರಿ. ಹುಡುಗಿ ಓದುತ್ತಿದ್ದಾಳೆ ಅಂದರೆ ನಾವು ಟಿವಿ ಸದ್ದು ಕಡಿಮೆ ಮಾಡುತ್ತೇವೆ. ಹಾಡುತ್ತಿದ್ದಾಳೆ ಅಂದರೆ, ಹಾಲು ಉಕ್ಕುತ್ತಿದೆ ನೋಡು, ಬೆಲ್ ಆಯಿತು ಬಾಗಿಲು ತೆಗೆ ಅನ್ನುತ್ತೇವೆ. ಗಂಗೂಬಾಯಿ ಹಾನಗಲ್ಲರು ಕಲಿಯಲಿಕ್ಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು, ಸವಾಯಿ ಗಂಧರ್ವರ ಹತ್ತಿರ. ಪ್ರಾಥಮಿಕ ಶಾಲೆಯಾಚೆ ಓದಲಾಗದ ಆ ತಾಯಿಯ ಹೆಸರಿನಲ್ಲಿ ಇವತ್ತು ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವೇ ಇದೆ. ಅವರಂಥ ಛಲ ಎಲ್ಲರಿಗೂ ಇರುವುದಿಲ್ಲ. ಸಾಮಾನ್ಯ ಹುಡುಗಿಗೆ ಕಾಲೇಜು ಬೇಕು. ಮೂರು ವರ್ಷ, ದಿನಕ್ಕೆ ಐದಾರು ಗಂಟೆ, ಅವಳ ಹಾಡಿಗೆ ಯಾರೂ ಅಡ್ಡ ಬರದ ಸಮಯವನ್ನು ಕಾಲೇಜು ಕೊಡುತ್ತದೆ. ನನಗೆ ಹದಿನೇಳರಲ್ಲಿ ಸಿಗದೆ ಹೋದದ್ದು ಅದೇ, ಪ್ರತಿಭೆ ಎಷ್ಟಿತ್ತೋ ಬಿಡಿ.

ಎರಡನೆಯ ಆಡಿಷನ್ ದಿನ ಅಕ್ಕನೂ ಬಂದಳು. ಆ ಸಲ ಬಾಗಿಲು ಭದ್ರವಾಗಿ ಮುಚ್ಚಿತ್ತು, ಹಾಗಾಗಿ ಅವಳು ಹೇಳಿದ್ದನ್ನೇ ಹೇಳುತ್ತೇನೆ. ಧ್ರುತ್ ಬಂದಿಶ್‌ನ ಅಂತರಾದ ಸಾಹಿತ್ಯ ಮರೆತುಹೋಯಿತಂತೆ. ಮೊದಲಿನ ಹುಡುಗಿಯಾಗಿದ್ದರೆ ಅಲ್ಲಿಗೇ ಅಳುತ್ತಿದ್ದಳು. ಈ ಸಲ ಆಕಾರದಲ್ಲಿ ಹಾಡುತ್ತಾ ಸಮಕ್ಕೆ ಬಂದು, ನಕ್ಕು, ಶಬ್ದ ಮರೆತೆ ಅಂತ ಹೇಳಿದಳಂತೆ. ಹಿರಿಯ ಪರೀಕ್ಷಕಿಯೊಬ್ಬರು ಅವರೇ ಒಂದು ಸಾಲು ಹಾಡಿ, ಇದನ್ನು ಹಾಡು, ಈಗ ಬೇರೆ ರೀತಿ ಹಾಡು ಅಂದರಂತೆ. ಹತ್ತು ನಿಮಿಷ ಹಾಗೇ ಆಟದಂತೆ ನಡೆಯಿತಂತೆ. ಕೊನೆಗೆ ಠೇಕಾ ಹೇಳಿಸಿ, ತಾಳ ಯಾರು ಕಲಿಸಿದ್ದು ಅಂತ ಮರಾಠಿಯಲ್ಲಿ ಕೇಳಿದರು. ‘ಆಯಿ’ ಅಂದಳಂತೆ. ಇದನ್ನು ಕೇಳಿ ಅಕ್ಕ ಪರ್ಸಿನಲ್ಲಿ ಏನೋ ಹುಡುಕತೊಡಗಿದಳು, ಬಹಳ ಹೊತ್ತು.

ಸೀಟು ಸಿಕ್ಕಿತು. ಪಟ್ಟಿಯಲ್ಲಿ ಕೆಳಗಿನಿಂದ ಮೂರನೆಯವಳು. ಕೆಳಗಿನಿಂದ ಆದರೂ ಪಟ್ಟಿ ಪಟ್ಟಿಯೇ.

ಪಾಶ್ಚಾತ್ಯ ಸಂಗೀತದವರಿಗೂ ಒಂದೆರಡು ಮಾತು. ನಿಮ್ಮಲ್ಲಿ ಹಲವರ ಮಕ್ಕಳು ಪಿಯಾನೊ, ಗಿಟಾರ್ ಕಲಿತು ಟ್ರಿನಿಟಿ ಗ್ರೇಡುಗಳನ್ನು ಮಾಡುತ್ತಿದ್ದಾರೆ. ವಿದೇಶದ ಅನೇಕ ಕಾಲೇಜುಗಳು ಮೊದಲು ವಿಡಿಯೊ ಕೇಳುತ್ತವೆ. ಕತ್ತರಿಸಿ ಅಂಟಿಸಬಾರದು, ಒಂದೇ ಓಟದಲ್ಲಿ ಇರಬೇಕು. ಇಲ್ಲಿ ನನ್ನ ಕಸುಬು ಉಪಯೋಗಕ್ಕೆ ಬಂತು. ಆನ್‌ಲೈನ್ ಆಡಿಷನ್ ಇದ್ದರೆ ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಅನ್ನುವುದನ್ನು ಆನ್ ಮಾಡಿ. ಇಲ್ಲದಿದ್ದರೆ ಒಂದೇ ಸಮನೆ ಕೇಳುವ ತಾನಪುರಾವನ್ನು ಆ ಸಾಫ್ಟ್‌ವೇರ್ ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಹಾಕುತ್ತದೆ! ನಿಮಗೆ ಶ್ರುತಿ ಕೇಳುತ್ತಿರುತ್ತದೆ, ಪರೀಕ್ಷಕರಿಗೆ ಕೇಳುವುದಿಲ್ಲ. ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ, ಸದ್ದು ತಡವಾಗಿ ಬಂದು ತಾಳ ಹಿಂದೆ ಬೀಳುತ್ತದೆ, ತಪ್ಪು ಮಗುವಿನ ತಲೆಗೆ. ಮೊಬೈಲನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ರೆಕಾರ್ಡ್ ಮಾಡಿ. ನಮ್ಮ ಆಫೀಸಿನ ಒಬ್ಬರ ಮಗನ ಒಳ್ಳೆಯ ಟೇಕು ಮುಗಿಯುವ ಹೊತ್ತಿಗೆ ಕ್ರೆಡಿಟ್ ಕಾರ್ಡಿನವರ ಫೋನ್ ಬಂದಿತ್ತು.

ನಮ್ಮ ಹುಡುಗಿ ಈಗ ಮೊದಲ ವರ್ಷದಲ್ಲಿದ್ದಾಳೆ. ಸೊಸೈಟಿಯ ಕೆಳಮನೆಯವರು ಬೆಳಿಗ್ಗೆ ಆರರ ರಿಯಾಜ್ ಬಗ್ಗೆ ಕಮಿಟಿಗೆ ಒಂದು ದೂರು ಕೊಟ್ಟಿದ್ದಾರೆ. ಉತ್ತರ ಬರೆದದ್ದು ಅಕ್ಕನೇ. ಆರೂವರೆಗೆ ಒಪ್ಪಂದವಾಗಿದೆ.

ಇವತ್ತು ಪ್ರಾರ್ಥನೆ ಹಾಡಿದ ಹುಡುಗಿ ಈಗ ಹನ್ನೊಂದನೆಯ ತರಗತಿಯಂತೆ, ಅವಳ ತಾಯಿ ಆಗಲೇ ಹೇಳಿದರು. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್‌ಕಾರ್ಡಿನಲ್ಲಿ ಇನ್ನೊಂದು ಅಂತೆ. ಊಟದ ನಂತರ ನನ್ನ ಹತ್ತಿರ ಬನ್ನಿ, ಲ್ಯಾಪ್‌ಟಾಪ್ ತಂದಿದ್ದೇನೆ.